ರಾಷ್ಟ್ರಪತಿಯವರು ಕೇಳಿದ ಒಂದು ಮಾತು

೧೪ ಮಾರ್ಚ್, ಮಧ್ಯಾಹ್ನ

ಗಾಳಿ ಅಳೆಯುವ ನನ್ನ ಯಜಮಾನರಿಗೆ,

ನಾನು ಕ್ಷೇಮ ಎಂದು ಬರೆದರೆ ನೀವು ನಂಬುವುದಿಲ್ಲ, ನೀವು ಕ್ಷೇಮವೇ ಎಂದು ಕೇಳುವ ಮುಖ ನನಗಿಲ್ಲ. ನಾಲ್ಕು ವರ್ಷಗಳ ಮೇಲೆ ನಿಮ್ಮಿಂದ ಬಂದ ಪತ್ರದಲ್ಲಿ ಇದ್ದದ್ದು ಮೂರೇ ಸಾಲು. ಬೆಟ್ಟದ ಹವಾಮಾನ ಕೇಂದ್ರದಿಂದ ರಾಜಧಾನಿಗೆ ವರ್ಗವಾಗಿದೆ, ಇದು ನಿನ್ನ ಕೈವಾಡವೇ, ಹೌದಾದರೆ ರದ್ದು ಮಾಡಿಸು. ಜೊತೆಗೆ ಆದೇಶದ ಪ್ರತಿ. ‘ಸಾರ್ವಜನಿಕ ಹಿತದೃಷ್ಟಿಯಿಂದ’ ಎಂಬುದರ ಕೆಳಗೆ ಕೆಂಪು ಗೆರೆ ಎಳೆದಿದ್ದೀರಿ. ನೋಡಿ ನಗು ಬಂತು, ಆಮೇಲೆ ಬಾಗಿಲು ಹಾಕಿಕೊಂಡು ಇದನ್ನು ಬರೆಯಲು ಕೂತೆ.

ನಡೆದದ್ದು ಇಷ್ಟು. ಹೋದ ತಿಂಗಳು ನಿಮ್ಮ ಇಲಾಖೆಯ ಕಾರ್ಯದರ್ಶಿಗಳು ಕಡತ ಹಿಡಿದು ಬಂದಿದ್ದರು. ಚಹಾ ಕುಡಿಯುತ್ತಾ, ನಮ್ಮನೆಯವರು ಇನ್ನೂ ಆ ಬೆಟ್ಟದ ಮೇಲೇ ಇದ್ದಾರಾ ಎಂದೆ. ಅವರು ಕಪ್ಪು ಕೆಳಗಿಟ್ಟು, ವಿಚಾರಿಸ್ತೀನಿ ಮೇಡಂ ಎಂದರು. ಹತ್ತನೇ ದಿನಕ್ಕೆ ಆದೇಶ ಹೊರಟಿದೆ.

ಈ ಕುರ್ಚಿಯ ಸಂಗತಿ ನಿಮಗೆ ಗೊತ್ತಿಲ್ಲ. ಕಾಗದದ ಮೇಲೆ ಮೂರೂ ಸೇನೆ ನನ್ನದು, ಮಲಗುವ ಕೋಣೆಯ ಪರದೆ ಬದಲಿಸಲು ಮಾತ್ರ ಸಮಿತಿ ಒಪ್ಪಬೇಕು. ಮಸೂದೆ ಸರಿಬರದಿದ್ದರೆ ಒಂದು ಸಲ ಹಿಂದಕ್ಕೆ ಕಳಿಸಬಹುದು. ಮತ್ತೆ ಬಂದರೆ ಬಾಯಿ ಮುಚ್ಚಿಕೊಂಡು ಸಹಿ. ನೇಣಿಗೆ ಹೋಗುವವನನ್ನು ಉಳಿಸಬಹುದು, ಅದಕ್ಕೂ ಮಂತ್ರಿಮಂಡಲದ ಸಲಹೆ ಬೇಕು. ಹವಾಮಾನ ವೀಕ್ಷಕನೊಬ್ಬನನ್ನು ವರ್ಗ ಮಾಡುವ ಅಧಿಕಾರ ಸಂವಿಧಾನದಲ್ಲಿ ಎಲ್ಲಿ ಹುಡುಕಿದರೂ ನನಗಿಲ್ಲ. ಆದರೆ ಹಜಾರದ ಗಡಿಯಾರ ಸ್ವಲ್ಪ ಜೋರು ಅಲ್ವಾ ಎಂದು ಬೆಳಿಗ್ಗೆ ಅಂದರೆ, ಸಂಜೆಗೆ ಆ ಗೋಡೆಯಲ್ಲಿ ಮೊಳೆ ಮಾತ್ರ ಇರುತ್ತದೆ. ತೆಗೆಯಿರಿ ಎಂದು ನಾನು ಯಾರಿಗೂ ಹೇಳಿರುವುದಿಲ್ಲ.

ಇಪ್ಪತ್ತೆರಡು ವರ್ಷ ಒಂದು ದಿನವೂ ತಪ್ಪದೆ ಮಳೆ ಅಳೆದ ಕೈ ನಿಮ್ಮದು. ನಿವೃತ್ತಿಗೆ ಎರಡೇ ವರ್ಷ ಇರುವಾಗ ಆ ಲೆಕ್ಕ ಬೇರೆಯವರ ಕೈಗೆ ಹೋದರೆ ನಿಮಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ನಾನು ಚುನಾವಣೆಗೆ ನಿಂತಾಗ ಜೊತೆಗೆ ಬನ್ನಿ ಎಂದಿದ್ದೆ. ಮಳೆಗೆ ರಜೆ ಇಲ್ಲ ಎಂದಿರಿ. ರಾಷ್ಟ್ರಪತಿಗೆ ಪತಿಯೇ ಇಲ್ಲವಲ್ಲ ಎಂದು ಇಲ್ಲಿಯವರು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ರದ್ದು ಮಾಡಿಸು ಎಂದಿರಿ. ನಾನು ಮತ್ತೆ ಬಾಯಿ ತೆರೆದರೆ ಅದೂ ಇಂಥದೇ ತಪ್ಪು. ನಿಮ್ಮ ಜಾಗಕ್ಕೆ ಈಗ ನೇಮಿಸಿದವನನ್ನು ಇನ್ನೆಲ್ಲಿಗೋ ಎತ್ತಂಗಡಿ ಮಾಡುತ್ತಾರೆ. ಹದಿನೈದು ದಿನದೊಳಗೆ ನೀವೇ ನ್ಯಾಯಮಂಡಳಿಗೆ ಆಕ್ಷೇಪಣೆ ಸಲ್ಲಿಸಿ, ಈ ಪತ್ರವನ್ನು ಲಗತ್ತಿಸಿ. ನನ್ನ ಮಾತಿನಿಂದ ಹೀಗಾಯಿತು ಎಂಬುದಕ್ಕೆ ನಿಮಗೆ ಬೇರೆ ಸಾಕ್ಷಿ ಸಿಗದು. ಬೇಕೆಂದೇ ಮಾಡಿಸಿದ್ದರೆ ನನ್ನ ಕುರ್ಚಿಗೇ ಸಂಚಕಾರ ಬರುತ್ತಿತ್ತು. ಸುಮ್ಮನೆ ಕೇಳಿದ್ದಕ್ಕೆ ಪತ್ರಿಕೆಯವರು ಎಂಟು ದಿನ ನಗುತ್ತಾರೆ, ತಡೆದುಕೊಳ್ಳುತ್ತೇನೆ.

ನಿಮ್ಮ ನೆನಪು ಬಹಳ ಆಗುತ್ತದೆ. ಅದನ್ನೂ ಬರೆದುಬಿಡುತ್ತೇನೆ.

ಸಹಿ ಹಾಕುವುದೇ ಕಸುಬಾಗಿರುವ,
ನಿಮ್ಮವಳು

ತಾ.ಕ.: ಆ ಪ್ರಶ್ನೆಯನ್ನು ನಾನು ಎರಡು ಸಲ ಕೇಳಿದೆ. ಮೊದಲ ಸಲ ಕಾರ್ಯದರ್ಶಿಗಳು ಕಡತದೊಳಗೆ ಮುಳುಗಿದ್ದರು, ಕೇಳಿಸಲಿಲ್ಲ. ಅವರು ಅದನ್ನು ಮುಚ್ಚಿಡುವವರೆಗೆ ಕಾದು ಮತ್ತೆ ಕೇಳಿದೆ. ಏನಾಗುತ್ತದೆಂದು ಗೊತ್ತಿದ್ದೇ ಕೇಳಿದೆ. ಪತ್ರ ಲಗತ್ತಿಸುವಾಗ ಈ ಸಾಲುಗಳನ್ನು ಕತ್ತರಿಸಬೇಡಿ.