ಚಿಕ್ಕಕ್ಕನ ಕೈಯೂಟ

10-7-79, ಮಂಗಳವಾರ

ಇವತ್ತೂ ಅರ್ಧ ಸ್ಕೂಲು ಖಾಲಿ. ಆಕಾಶದಲ್ಲಿ ಸುತ್ತುವ ಅಮೆರಿಕದ ಸ್ಕೈಲ್ಯಾಬ್ ನಮ್ಮ ತಲೆ ಮೇಲೇ ಬೀಳುತ್ತದಂತೆ. ಸಾಯುವುದೇ ಆದರೆ ಮನೆಯಲ್ಲೇ ಎಲ್ಲರೂ ಒಟ್ಟಿಗೆ ಸಾಯೋಣ ಅಂತ ಮಕ್ಕಳನ್ನು ಕಳಿಸಿಲ್ಲ. ಮೇಲಿನ ಬೀದಿಯಲ್ಲಿ ಇದ್ದಬದ್ದ ಹುಂಜಗಳನ್ನೆಲ್ಲ ಕೊಯ್ದು ತಿಂದು ಮುಗಿಸಿದ್ದಾರೆ. ಬಂದಷ್ಟು ಮಕ್ಕಳಿಗೆ ಬೋರ್ಡಿನ ಮೇಲೆ ಭೂಮಿ ಬರೆದು ತೋರಿಸಿದೆ — ಸಮುದ್ರ ಎಷ್ಟು ದೊಡ್ಡದು, ನಮ್ಮ ಪಾವಗಡ ತಾಲ್ಲೂಕು ಎಷ್ಟು ಚಿಕ್ಕದು. ಮೂಢನಂಬಿಕೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ. ಹೆಡ್‌ಮಾಸ್ಟರ್ ಬಸವಲಿಂಗಯ್ಯನವರು ಬಾಗಿಲಲ್ಲೇ ನಿಂತು ಕೇಳಿ, ಚೆನ್ನಾಗಿ ಹೇಳಿದಿರಿ ಕ್ಯಾತಮ್ಮನವರೇ ಅಂದರು. ಖುಷಿಯಾಗಬೇಕಿತ್ತು. ಆಗಲಿಲ್ಲ.

ಮಧ್ಯಾಹ್ನ ಪಕ್ಕದ ಮನೆಯ ಚಿಕ್ಕಕ್ಕ ಎಂದಿನಂತೆ ಮುದ್ದೆ, ಹುರುಳಿಕಾಳಿನ ಸಾರು ತಂದಳು. ಈ ಊರಿಗೆ ವರ್ಗವಾಗಿ ಬಂದಾಗಿನಿಂದ ನನಗೆ ಅವಳ ಮನೆಯದೇ ಊಟ. ನಾನು ರಾಗಿ, ಬೇಳೆ ತಂದು ಹಾಕುತ್ತೇನೆ, ಅವಳು ಬೇಯಿಸುತ್ತಾಳೆ. ಅರ್ಧ ಮುದ್ದೆಯೂ ಒಳಗೆ ಇಳಿಯಲಿಲ್ಲ. ಚಿಕ್ಕಕ್ಕ ಕಂಬಕ್ಕೆ ಒರಗಿ ನಿಂತು ನಾನು ತಿನ್ನುವುದನ್ನೇ ನೋಡುತ್ತಿದ್ದಳು.

18-7-79

ಸ್ಕೈಲ್ಯಾಬ್ ಎಲ್ಲೋ ದೂರದಲ್ಲಿ ಬಿತ್ತಂತೆ. ಮಕ್ಕಳೆಲ್ಲ ವಾಪಸ್. ನನಗೇ ಸ್ಕೂಲು ಬೇಡವಾಗಿದೆ.

ರವಿಕೆಗಳೆಲ್ಲ ಸಡಿಲ. ಕೋಳಿ ಕೂಗುವ ಮೊದಲೇ ಎಚ್ಚರ, ಎದ್ದರೆ ಮೈ ಭಾರ. ಇವತ್ತು ಏಳರ ಮಗ್ಗಿ ಹೇಳಿಸುತ್ತಾ ಏಳಾರ್ಲ ನಲವತ್ತೆರಡಕ್ಕೆ ನಿಂತುಬಿಟ್ಟೆ. ಮುಂದಿನದು ಬರಲೇ ಇಲ್ಲ. ಮಕ್ಕಳು ತಾವೇ ಹೇಳಿಕೊಂಡು ಹೋದವು. ಮೂರನೇ ಕ್ಲಾಸಿನ ಮಕ್ಕಳ ಎದುರು ಮಾನ ಹೋಯಿತು.

ಅವ್ವನ ಕೊರಗು ಅಂತ ಅಣ್ಣ ಬೋರಣ್ಣ ಕಾಗದದಲ್ಲಿ ಬರೆದಿದ್ದಾನೆ. ಸುಳ್ಳು. ಅವ್ವ ಹೋಗಿದ್ದು ಬೇಸಿಗೆ ರಜದಲ್ಲಿ. ನಮ್ಮೂರು ಪುರವರದಲ್ಲಿ ತಿಥಿ ಮುಗಿಸಿ, ಸ್ಕೂಲು ತೆರೆದ ದಿನವೇ ಬಂದು ಹಾಜರಾದವಳು ನಾನು. ಅತ್ತು ಕರೆದು ಮಾಡಲಿಲ್ಲ. ಅದು ಮುಗಿಯಿತು. ಇದು ಬೇರೆ ಏನೋ.

26-7-79

ಹೆಡ್‌ಮಾಸ್ಟರು ಸ್ಟಾಫ್ ರೂಮಿನಲ್ಲಿ ಬಾಗಿಲು ಮುಂದೆ ಮಾಡಿ ಕೇಳಿದರು: ಊಟ ಯಾರ ಮನೆಯದು? ಹೇಳಿದೆ. ಅವರ ಭಾವಮೈದನೂ ಹೀಗೇ ಸೊರಗಿ ಮಂಕಾಗಿದ್ದನಂತೆ. ಯಾರೋ ಮದ್ದು ಇಕ್ಕಿದ್ದರಂತೆ. ಊಟದಲ್ಲಿ ಏನನ್ನೋ ಬೆರೆಸಿ ತಿನ್ನಿಸುವುದು, ತಿಂದವರು ತಮ್ಮ ಹಿಡಿತ ಬಿಟ್ಟು ಹೋಗದಿರಲಿ ಅಂತ. ಹೊಟ್ಟೆಯೊಳಗೆ ಅದು ಕೂತುಬಿಟ್ಟರೆ ಅನ್ನ ಸೇರುವುದಿಲ್ಲ, ನಿದ್ದೆ ಬರುವುದಿಲ್ಲ. ‘ಯಾರ ಮೇಲೂ ಹೇಳ್ತಿಲ್ಲಮ್ಮ ನಾನು. ಜೋಪಾನ ಅಂದೆ ಅಷ್ಟೇ’ ಅಂದರು.

ಅಲ್ಲೇ ನಗು ಬಂತು. ಮೇಲಿನಿಂದ ಸ್ಕೈಲ್ಯಾಬ್, ಕೆಳಗಿನಿಂದ ಮದ್ದು. ಆದರೆ ರಾತ್ರಿ ತಟ್ಟೆಯ ಮುಂದೆ ಕೂತಾಗ ನಗು ಬರಲಿಲ್ಲ.

29-7-79, ಭಾನುವಾರ

ನೋಡಿದೆ. ಕಣ್ಣಾರೆ ನೋಡಿದೆ.

ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದೆ. ಗೋಡೆಯಾಚೆ ಚಿಕ್ಕಕ್ಕ ಕೂತು ಗುಂಡುಕಲ್ಲಿನಲ್ಲಿ ಏನನ್ನೋ ಕುಟ್ಟುತ್ತಿದ್ದಳು. ನನ್ನನ್ನು ಕಂಡದ್ದೇ ಸೆರಗು ಎಳೆದು ಮುಚ್ಚಿದಳು. ಏನು ಚಿಕ್ಕಕ್ಕ ಅಂದೆ. ‘ಏನಿಲ್ಲ ಬುಡು ತಲ್ಲಿ’ ಅಂದಳು. ತಾಯಿ ಅನ್ನಲು ತಲ್ಲಿ ಅನ್ನುವುದು ಅವಳ ರೂಢಿ, ಇಲ್ಲಿ ಎಲ್ಲರ ಬಾಯಲ್ಲೂ ಅರ್ಧ ತೆಲುಗು. ಮಧ್ಯಾಹ್ನದ ಸಾರಿನಲ್ಲಿ ಬೇರೆಯೇ ವಾಸನೆ. ಘಾಟು. ತಳದಲ್ಲಿ ಕಂದು ಪುಡಿ.

ಈಗ ಒಂದೊಂದೇ ನೆನಪಾಗುತ್ತಿವೆ. ನನ್ನ ಜೊತೆ ಅವಳು ಯಾವತ್ತೂ ಕೂತು ಉಂಡಿಲ್ಲ. ನನ್ನ ಸಾರು ಬೇರೆ ಬಟ್ಟಲಲ್ಲಿ ಬರುತ್ತದೆ. ಶಿವರಾತ್ರಿ ಹೊತ್ತಿಗೆ ಒಮ್ಮೆ, ‘ನಿನ್ನ ಈ ಊರ್ ಬುಟ್ಟು ಹೋಗಾಕೆ ಬುಡಾಕಿಲ್ಲ ಕಣಮ್ಮ’ ಅಂದು ನನ್ನ ಕೆನ್ನೆ ಸವರಿದ್ದಳು. ಆಗ ಪ್ರೀತಿ ಅಂದುಕೊಂಡಿದ್ದೆ. ಅವಳಿಗೊಬ್ಬ ತಮ್ಮನಿದ್ದಾನೆ, ಮದುವೆಯಾಗದೆ ಕೂತಿದ್ದಾನೆ. ಸಂಬಳ ತರುವ ಹೆಂಡತಿ ಯಾರಿಗೆ ಬೇಡ?

ಇಲ್ಲ. ನಾನು ಓದಿದವಳು. ಹೀಗೆಲ್ಲ ಯೋಚಿಸಬಾರದು.

ರಾತ್ರಿಯ ಊಟ ಹಿತ್ತಲಿಗೆ ಚೆಲ್ಲಿದೆ.

12-8-79, ಭಾನುವಾರ. ಪುರವರ

ಬರೆಯಲು ನಾಚಿಕೆ. ಆದರೂ ಬರೆಯುತ್ತೇನೆ.

ಬೋರಣ್ಣ ನನ್ನನ್ನು ನೋಡಿ ಗಾಬರಿಯಾದ. ನಿನ್ನೆ ಸಿರಾ ಕಡೆಯ ಒಂದು ಹಳ್ಳಿಗೆ ಕರೆದುಕೊಂಡು ಹೋದ. ಮದ್ದು ತೆಗೆಯುವ ಚೌಡಯ್ಯ ಅಂತ. ಜಗಲಿ ತುಂಬ ಜನ. ಹಸಿರು ರಸ ಕುಡಿಸಿದ. ಕರುಳು ಕಿತ್ತು ಬರುವ ಹಾಗೆ ವಾಂತಿ. ಅದರೊಳಗೆ ಕಡ್ಡಿ ಆಡಿಸಿ ಕರಿಯ ಉಂಡೆಯೊಂದನ್ನು ಎತ್ತಿ ತೋರಿಸಿದ, ಕೂದಲು ಸುತ್ತಿಕೊಂಡಿತ್ತು. ಅವನ ಕೈಯಲ್ಲೇ ಇತ್ತೇನೋ ಅಂತ ಒಂದು ಗಳಿಗೆ ಅನುಮಾನ ಬಂತು. ಅಷ್ಟರಲ್ಲಿ ಕೇಳಿದ, ‘ಯಾರ ಕೈಯಾಗೆ ಉಣ್ತೀಯವ್ವ?’ ಚಿಕ್ಕಕ್ಕನ ಹೆಸರು ಹೇಳಿದೆ. ‘ನೀನೇ ಯೋಳ್ದೆ. ನಾನು ಯೋಳ್ಲಿಲ್ಲ’ ಅಂದ. ಇನ್ನು ಆ ಕೈಯದು ತಿನ್ನಬಾರದು, ತಿಂದರೆ ಎರಡನೇ ಸಲ ಮದ್ದು ಹೊರಗೆ ಬರುವುದಿಲ್ಲ ಅಂತ ಅಪ್ಪಣೆಯಾಯಿತು.

ಇವತ್ತು ಅತ್ತಿಗೆ ಮಾಡಿದ ಎರಡು ಮುದ್ದೆ ತಿಂದೆ. ಎರಡು.

20-8-79

ಹೊಟ್ಟೆ ಹಸಿಯುತ್ತಿದೆ, ನಿದ್ದೆ ಬರುತ್ತಿದೆ. ಮಗ್ಗಿಯೂ ತಪ್ಪಲಿಲ್ಲ. ಹಾಗಾದರೆ ನಿಜ. ಮೈ ಉರಿಯುತ್ತಿದೆ ಸಿಟ್ಟಿಗೆ. ಎಷ್ಟು ನಂಬಿದ್ದೆ ಅವಳನ್ನು.

ಸೀಮೆಎಣ್ಣೆ ಸ್ಟೌ ತಂದೆ. ಇನ್ನು ಮೇಲೆ ನಾನೇ ಮಾಡಿಕೊಳ್ಳುತ್ತೇನೆ ಅಂತ ಚಿಕ್ಕಕ್ಕನಿಗೆ ಹೇಳಿದೆ. ಮುಖ ನೋಡದೆ ಹೇಳಿದೆ. ಅವಳು ತಟ್ಟೆ ಹಿಡಿದುಕೊಂಡೇ ನಿಂತಿದ್ದಳು. ‘ಯಾಕಮ್ಮ, ಉಪ್ಪು ಖಾರ ಏನಾನ ಎಚ್ಚುಕಮ್ಮಿ ಆಯ್ತಾ?’ ಅಂದಳು. ಎಂಥ ನಟನೆ.

ಹೆಡ್‌ಮಾಸ್ಟರಿಗೆ ಮಾತ್ರ ವಿಷಯ ತಿಳಿಸಿದೆ. ಬೇರೆ ಯಾರಿಗೂ ಇಲ್ಲ.

27-8-79

ಗೌರಿ ಹಬ್ಬಕ್ಕೆ ಚಿಕ್ಕಕ್ಕ ಬೀದಿಗೆಲ್ಲ ಹಂಚಿದ ಒಬ್ಬಟ್ಟು ತಿಪ್ಪೆಯಲ್ಲಿ ಬಿದ್ದಿತ್ತು. ನಾಯಿ ತಿನ್ನುತ್ತಿದ್ದವು. ಬಾವಿಕಟ್ಟೆಯಲ್ಲಿ ಹೆಂಗಸರು ನನಗೆ ಬೆನ್ನು ಮಾಡಿಕೊಂಡು ಮಾತಾಡುತ್ತಿದ್ದರು: ‘ಓದಿರೋ ಟೀಚರಮ್ಮನೇ ಯೋಳವ್ಳೆ ಅಂದ್ಮ್ಯಾಕೆ ದಿಟವೇಯಾ.’

ಆಗಲಿ. ಮಾಡಿದ್ದಕ್ಕೆ ಆಗಲಿ. ಹಾಗಂದುಕೊಂಡೇ ನೀರು ಸೇದಿದೆ. ಚಿಕ್ಕಕ್ಕನ ಮಗಳು ಪುಟ್ಟಕ್ಕ ಬಂದು ಕೊಡ ಹೊತ್ತುಕೊಟ್ಟಳು. ಪಾಪ, ಆ ಹುಡುಗಿಗೆ ಏನೂ ಗೊತ್ತಿಲ್ಲ. ಅಥವಾ ಗೊತ್ತಿದೆಯೋ.

16-9-79

ಮತ್ತೆ ಬಂತು.

ಅದೇ ಭಾರ, ಅದೇ ಬೆಳಗಿನ ಜಾವ. ಅನ್ನ ಬಾಯಲ್ಲಿ ಮರಳು. ಈ ತಿಂಗಳಿಡೀ ನನ್ನ ಕೈಯಡುಗೆ ಬಿಟ್ಟು ಬೇರೆ ಮುಟ್ಟಿಲ್ಲ. ಹಾಗಾದರೆ ಹೇಗೆ? ನೀರು! ಪುಟ್ಟಕ್ಕ ತಾನೇ ಕೊಡ ಮುಟ್ಟುವುದು. ನಾಳೆಯಿಂದ ನೀರು ನಾನೇ ತರುತ್ತೇನೆ.

23-9-79

ನಾನೇ ತಂದೆ. ಕಾಯಿಸಿ ಕುಡಿದೆ. ಹಾಗೇ ಇದೆ.

ಹೆಡ್‌ಮಾಸ್ಟರ ಮನೆಯವರು ಮೊನ್ನೆ ಕೊಟ್ಟ ಮಜ್ಜಿಗೆಯೇ? ಬೀಗದ ಕೈ ಇನ್ನೊಬ್ಬರ ಹತ್ತಿರ ಇದೆಯೇ? ಸ್ಟೌ ಮೇಲೆ ಅನ್ನ ಇಟ್ಟು ಅದನ್ನೇ ನೋಡುತ್ತಾ ಕೂತೆ, ಕುದಿದು ಇಳಿಯುವವರೆಗೆ. ಯಾರೂ ಬರಲಿಲ್ಲ. ಬಾಗಿಲು ಹಾಕಿತ್ತು. ಅನ್ನ ಇಳಿಸಿದೆ, ಬಡಿಸಿಕೊಂಡೆ, ಮೂರು ತುತ್ತಿಗೆ ಸಾಕಾಯಿತು.

ಯಾರೂ ಹಾಕಿಲ್ಲ. ಈ ಮಾತು ಬರೆಯಲು ಭಯವಾಗುತ್ತಿದೆ. ಈಗ ಯಾರೂ ಹಾಕಿಲ್ಲ ಅಂದರೆ, ಆಗಲೂ...

8-10-79, ಸೋಮವಾರ. ಪುರವರ

ದಸರಾ ರಜ. ಮಧುಗಿರಿಯ ಡಾಕ್ಟರ ಹತ್ತಿರ ಹೋದೆವು. ವಯಸ್ಸಾದ ಡಾಕ್ಟರು, ಸಿಡುಕು. ನಾಲಿಗೆ ನೋಡಿದರು, ಕಣ್ಣು ನೋಡಿದರು, ಚೀಟಿ ಬರೆಯುತ್ತಾ ತಲೆಯೆತ್ತದೆ ಕೇಳಿದರು, ಈ ವರ್ಷ ಮನೆಯಲ್ಲಿ ಯಾರಾದರೂ ತೀರಿಕೊಂಡರಾ?

‘ಇಲ್ಲ’ ಅಂದೆ.

ಪಕ್ಕದಲ್ಲಿ ಕೂತಿದ್ದ ಬೋರಣ್ಣ ನನ್ನನ್ನೇ ನೋಡಿದ. ‘ಲೇ ಕ್ಯಾತಿ’ ಅಂದ. ‘ಅವ್ವ ಕಣ್ಲೇ.’

ಆಮೇಲೆ ಏನಾಯಿತೋ. ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತು, ಹೋಗಿಬರುವವರು ನಿಂತು ನೋಡುವಷ್ಟು ಅತ್ತೆ. ತಿಥಿಯ ದಿನವೂ ಬರದಿದ್ದ ಅಳು. ಬೋರಣ್ಣ ಬಸ್ಸು ತಪ್ಪಿಹೋದರೂ ಏಳು ಅನ್ನಲಿಲ್ಲ. ಸಂಜೆ ಮನೆಯಲ್ಲಿ ಅವ್ವನ ಸೀರೆಗಳ ಗಂಟು ಬಿಚ್ಚಿ ಕೂತೆವು ಇಬ್ಬರೂ.

ಡಾಕ್ಟರು ಕೊಟ್ಟಿದ್ದು ಟಾನಿಕ್ಕು, ಮಾತ್ರೆ. ದುಃಖ ಒಳಗೇ ಉಳಿದರೆ ಹೀಗೆಲ್ಲ ಆಗುತ್ತದೆ, ನಿಧಾನಕ್ಕೆ ಸರಿಹೋಗುತ್ತದೆ ಅಂದರಂತೆ. ನಾನು ಕೇಳಿಸಿಕೊಂಡಿರಲಿಲ್ಲ, ಬೋರಣ್ಣ ಆಮೇಲೆ ಹೇಳಿದ.

25-10-79

ಊರಿಗೆ ಬಂದೆ. ಪುಟ್ಟಕ್ಕನನ್ನು ಒಳಗೆ ಕರೆದು ಕೂರಿಸಿ ಕೇಳಿದೆ, ಅವತ್ತು ನಿಮ್ಮವ್ವ ಕುಟ್ಟುತ್ತಿದ್ದದ್ದು ಏನು? ‘ಒಣಶುಂಠಿ, ಜೀರಿಗೆ. ಟೀಚರಮ್ಮ ಉಣ್ತಾನೇ ಇಲ್ಲ, ಅನ್ನ ಸೇರ್ಲಿ ಅಂತ. ಯೋಳ್ಬುಟ್ರೆ ಔಷ್ದ ಹತ್ತಾಕಿಲ್ಲ ಅಂತ ಯೋಳ್ಲಿಲ್ಲ’ ಅಂದಳು.

ನಮ್ಮ ಅವ್ವನೂ ಹಾಗೆಯೇ ಮಾಡುತ್ತಿದ್ದಳು. ಕೆಮ್ಮಿಗೆ ಏನು ಅರೆದು ಕೊಟ್ಟೆ ಅಂದರೆ ಬಾಯಿ ಬಿಡುತ್ತಿರಲಿಲ್ಲ, ಹೆಸರು ಹೇಳಿದರೆ ಗುಣ ಹೋಗುತ್ತದೆ ಅಂತ. ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ಹೊಳೆಯಲಿಲ್ಲ.

ಇನ್ನೂ ಇದೆ. ದೀಪಾವಳಿಗೆ ಮುಂಚೆ ಪುಟ್ಟಕ್ಕನನ್ನು ನೋಡಲು ಸಿರಾ ಕಡೆಯಿಂದ ಗಂಡಿನವರು ಬಂದಿದ್ದರು. ಹುಡುಗಿ ಒಪ್ಪಿಗೆಯಾದಳು. ಎಲೆ ಹಾಕಿ ಬಡಿಸಿದ ಮೇಲೆ ಗಂಡಿನ ದೊಡ್ಡಪ್ಪ, ಇವತ್ತು ನಮ್ಮದು ಒಪ್ಪೊತ್ತು, ಹಗಲು ಊಟ ಮಾಡುವುದಿಲ್ಲ ಅಂತ ಎದ್ದುಬಿಟ್ಟನಂತೆ. ಅವನ ಹಿಂದೆ ಎಲ್ಲರೂ ಎದ್ದರು. ನೀರೂ ಮುಟ್ಟಲಿಲ್ಲ. ಅವತ್ತು ಬುಧವಾರ. ಬುಧವಾರದ ಒಪ್ಪೊತ್ತು ಯಾರ ಮನೆಯಲ್ಲೂ ಇಲ್ಲ. ಪುಟ್ಟಕ್ಕ ಇದನ್ನೆಲ್ಲ ನೆಲ ನೋಡಿಕೊಂಡೇ ಹೇಳಿದಳು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೋಗುವಾಗ ಇನ್ನೊಂದು ಹೇಳಿದಳು. ಈಗ ಯಾರಿಗೆ ಬಡಿಸಿದರೂ ಅವರವ್ವ ಮೊದಲು ಅದೇ ಮಡಕೆಯಿಂದ ಒಂದು ತುತ್ತು ತಾನು ನುಂಗಿ ತೋರಿಸುತ್ತಾಳಂತೆ. ನೆಂಟರಿಗಿಂತ ಮೊದಲು ತಾನು. ಆ ಹೆಂಗಸಿಗೆ ಇದಕ್ಕಿಂತ ಅವಮಾನ ಇಲ್ಲ.

28-10-79, ಭಾನುವಾರ

ಚಿಕ್ಕಕ್ಕನ ಮನೆಗೆ ಹೋದೆ. ಕಾಲು ಹಿಡಿಯಲು ಬಗ್ಗಿದೆ, ಹಿಂದಕ್ಕೆ ಸರಿದಳು. ಮುಖದಲ್ಲಿ ಸಿಟ್ಟೂ ಇಲ್ಲ, ಪ್ರೀತಿಯೂ ಇಲ್ಲ. ಊರಿಗೆಲ್ಲ ಹೇಳುತ್ತೇನೆ, ಮನೆಮನೆಗೆ ಹೋಗಿ ನನ್ನದೇ ತಪ್ಪು ಅನ್ನುತ್ತೇನೆ ಅಂದೆ.

‘ಬಾಯ್ನಾಗೆ ಯೋಳಿದ್ರೆ ಓಗಾಕಿಲ್ಲಮ್ಮ ಇದು’ ಅಂದಳು. ‘ನಿನ್ನ ಬಾಯಿ ಮುಚ್ಸವ್ರೆ ಅಂತಾರೆ. ನನ್ಗೆ ಏನೂ ಬ್ಯಾಡ. ಗಂಡಿನೋರು ಇನ್ನೊಂದ್ಸಲ ಬತ್ತಾರೆ. ಅವರ ಕಣ್ಮುಂದೆ ಕುಂತು ನನ್ ಕೈಯಾಗಿಂದು ಉಣ್ಣು. ನನ್ ಮಗೀಗೆ ಅಷ್ಟು ಮಾಡು.’

ಅಷ್ಟೇ ತಾನೇ. ಇಡೀ ಮಡಕೆ ತಿನ್ನುತ್ತೇನೆ ಅಂದೆ.

ಹೆಡ್‌ಮಾಸ್ಟರನ್ನು ಬಿಡಲಿಲ್ಲ. ಹಬ್ಬಿಸಿದವರು ನೀವು, ನೀವೇ ಹೋಗಿ ಗಂಡಿನವರನ್ನು ಕರೆತನ್ನಿ ಅಂದೆ. ನಾನು ನನ್ನ ಮನೆಯವಳಿಗೆ ಮಾತ್ರ ಹೇಳಿದ್ದೆ ಅಂದರು. ಅವರದೂ ನನ್ನದೇ ಕಥೆ.

5-11-79

ದೊಡ್ಡಪ್ಪ ಒಪ್ಪಿದನಂತೆ, ಒಂದು ಮಾತಿನ ಮೇಲೆ: ಟೀಚರಮ್ಮ ಮೊದಲು ತುತ್ತು ಎತ್ತಲಿ, ಆಮೇಲೆ ನಾವು. ಮುಂದಿನ ವಾರ. ಪುಟ್ಟಕ್ಕ ಇವತ್ತು ತಲೆಗೆ ಕನಕಾಂಬರ ಮುಡಿದಿದ್ದಳು.

ಹೊಟ್ಟೆ ಸ್ವಲ್ಪ ಸ್ವಲ್ಪ ಹಸಿಯುತ್ತಿದೆ. ಬೆಳಿಗ್ಗೆ ಅವ್ವನನ್ನು ನೆನೆದು ಅತ್ತೆ. ಅತ್ತು ಎದ್ದು ಸ್ಕೂಲಿಗೆ ಹೋದೆ.

14-11-79, ಬುಧವಾರ. ಸಂಜೆ

ಬರೆದುಬಿಡುತ್ತೇನೆ.

ಮಕ್ಕಳ ದಿನಾಚರಣೆ ಮುಗಿಸಿ ಸ್ಕೂಲಿನಿಂದ ನೇರ ಹೋದೆ. ಹಜಾರದಲ್ಲಿ ಎಲೆ ಹಾಕಿತ್ತು. ದೊಡ್ಡಪ್ಪನ ಎದುರಿಗೇ ನನ್ನ ಎಲೆ. ಪಕ್ಕದಲ್ಲಿ ಗಂಡು, ಒಳ್ಳೆಯ ಹುಡುಗ, ಬಾಗಿಲ ಕಡೆಗೇ ಕಣ್ಣು. ಚಿಕ್ಕಕ್ಕ ಮುದ್ದೆ ಇಟ್ಟು, ಅವರೆಕಾಳಿನ ಸಾರು ಬಿಟ್ಟಳು. ನಾನು ನಗುತ್ತಲೇ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ ಎತ್ತಿದೆ. ಅದೇ ಹೊತ್ತಿಗೆ ಅವಳೂ ರೂಢಿಯಂತೆ ಮಡಕೆಯಿಂದ ಚೂರು ತೆಗೆದು ತನ್ನ ಬಾಯಿಗೆ ಹಾಕಿಕೊಂಡಳು.

ನನ್ನ ಕೈ ನಿಂತಿತು.

ನಾನು ನಿಲ್ಲಿಸಲಿಲ್ಲ. ದೇವರಾಣೆ ನಾನು ನಿಲ್ಲಿಸಲಿಲ್ಲ. ಅವಳ ಗಂಟಲು ಆಡಿತು, ತುತ್ತು ಇಳಿಯಿತು. ಆಮೇಲೆ ನನ್ನ ಕೈ ಬಾಯಿಗೆ ಬಂತು. ತಿಂದೆ. ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡೆ. ಎಷ್ಟು ರುಚಿ ಅಂತ ದೊಡ್ಡ ದನಿಯಲ್ಲಿ ಅಂದೆ. ನಿಜವಾಗಿಯೂ ರುಚಿಯಾಗಿತ್ತು.

ದೊಡ್ಡಪ್ಪ ನನ್ನ ಕೈಯನ್ನೇ ನೋಡುತ್ತಿದ್ದ. ಲೋಟವನ್ನು ಎಲೆಯಿಂದ ಆಚೆ ಸರಿಸಿದ. ‘ಇವತ್ತು ನಮ್ದು ಒಪ್ಪೊತ್ತು’ ಅಂದು ಎದ್ದ. ಹುಡುಗ ಸ್ವಲ್ಪ ತಡೆದ. ಅವನೂ ಎದ್ದ.

ಪುಟ್ಟಕ್ಕ ಬಂದು ಎಲೆ ಮಡಚತೊಡಗಿದಳು. ಚಿಕ್ಕಕ್ಕ ಅವರನ್ನು ತಡೆಯಲಿಲ್ಲ. ಮಜ್ಜಿಗೆಯ ಚೊಂಬು ತಂದು ನನ್ನೆದುರು ಕೂತಳು. ಮೊದಲು ತನ್ನ ಅಂಗೈಗೆ ಒಂದಿಷ್ಟು ಬಿಟ್ಟುಕೊಂಡು ಕುಡಿದಳು. ಬೇಡ ಚಿಕ್ಕಕ್ಕ, ನನಗೆ ಹಾಗೆ ತೋರಿಸಬೇಡ ಅನ್ನಬೇಕಿತ್ತು. ಬಾಯಿ ತೆರೆದೆ. ಮಾತು ಬರುವ ಮುಂಚೆ ನನ್ನ ಕಣ್ಣು ಅವಳ ಗಂಟಲ ಮೇಲೆ ಹೋಗಿತ್ತು, ಇಳಿಯಿತೇ ಅಂತ.