ಕುಂಡಕ್ಕೆ ನೀರು

ಸಿಕಂದರಾಬಾದ್
ಏಪ್ರಿಲ್ ೧೯೯೪

ಅತ್ತೆಯವರೇ,

ಸುಲ್ತಾನ್ ಬಜಾರಿನಿಂದ ನೀವು ಸೆರಗಿನಲ್ಲಿ ಕಟ್ಟಿ ತಂದಿದ್ದ ನಿಶಿಗಂಧದ ಗಡ್ಡೆಗಳಿಗೆ ಹುಳದ ಕಾಟ ಶುರುವಾಗಿದೆ. ನೀರು ಹಾಕಲು ಬಾಗಿದರೆ ಸಾಕು, ಎಳ್ಳಿಗಿಂತ ಸಣ್ಣ ಕಪ್ಪು ನೊಣಗಳು ಕುಂಡದಿಂದೆದ್ದು ಮುಖಕ್ಕೆ ಮುತ್ತುತ್ತವೆ. ಇವತ್ತು ಕೆಳಗಿನ ಮನೆಯ ತುಳಸಾಬಾಯಿಯವರನ್ನು ಕರೆದು ತೋರಿಸಿದೆ. ಅವರು ಮಣ್ಣಿನಲ್ಲಿ ಬೆರಳಿಟ್ಟು ನೋಡಿದರು.

"ದಿನಾ ಎಷ್ಟು ಸಲ ನೀರು ಹಾಕ್ತೀರಿ?"

"ಮುಂಜಾನೆ, ಸಂಜೀಕ. ಒಣಗಿಧಂಗ ಕಂಡರ ನಡುವನೂ ಹಾಕ್ತೀನ್ರಿ."

"ಅದಕ್ಕ ಹಿಂಗಾಗ್ಯದ. ಹಸಿ ಮಣ್ಣಾಗನ ಇವು ತತ್ತಿ ಇಡ್ತಾವ. ಗಡ್ಡಿನೂ ಕೊಳೀತಾವ. ಮ್ಯಾಲಿನ ಮಣ್ಣು ಒಣಗೂತನಕ ಒಂದು ಹನಿ ಸುದ್ದಾ ಹಾಕಬ್ಯಾಡ್ರಿ."

ಹೂಂ ಎಂದೆ. ನಿಮ್ಮ ಕಿಡ್ನಿ ಕೆಟ್ಟಾಗ ಡಾಕ್ಟರ ಮುಂದೆಯೂ ಹೀಗೇ ಹೂಂ ಎಂದಿದ್ದೆ. ನಿಮಗೆ ನೀರನ್ನು ಅಳೆದೇ ಕೊಡಬೇಕು ಎಂದಿದ್ದರು. ನಾನು ಅಳತೆ ತಪ್ಪಲಿಲ್ಲ. ನಿಮ್ಮ ಮಗ ಕದ್ದು ಒಂದು ಗುಟುಕು ಕುಡಿಸುತ್ತಾರೆಂದು ತಂಬಿಗೆಯನ್ನೇ ಅಡುಗೆಮನೆಗೆ ಒಯ್ದಿಟ್ಟೆ. ಕೊನೆಯ ಬೇಸಿಗೆಯಲ್ಲಿ ನೀವು ನೀರು ಕೇಳುವುದನ್ನೂ ಬಿಟ್ಟಿರಿ. ಒಂದು ಮಧ್ಯಾಹ್ನ ಮಾತ್ರ, "ಕುಂಡಕ್ಕರ ನೀರು ಹಾಕೀಯೇನವಾ?" ಎಂದಿರಿ.

"ಹಾಕೀನ್ರಿ" ಎಂದೆ.

ನೀವು ಹೋದ ಮೇಲೆ ಅವುಗಳಿಗೆ ಎಷ್ಟು ಹಾಕಿದರೂ ನನಗೆ ಸಾಲುತ್ತಿರಲಿಲ್ಲ.

ಸಂಜೆ ನೀರು ಹಾಕದೆ, ಕುಂಡಗಳಿರುವ ಗ್ಯಾಲರಿಯ ಬಾಗಿಲು ಹಾಕಿಕೊಂಡು ಒಳಗೇ ಕೂತೆ. ಇವರು ಆಫೀಸಿನಿಂದ ಬಂದವರು ಚಪ್ಪಲಿ ಬಿಡುತ್ತಲೇ, "ಅವ್ವನ ಕುಂಡಕ್ಕ ನೀರು ಹಾಕೀಯೇನು?" ಎಂದು ಕೇಳಿದರು.

ತುಳಸಾಬಾಯಿ ಹೇಳಿದ್ದನ್ನು ಹೇಳಿದ್ದರೆ ಆಗುತ್ತಿತ್ತು.

"ಹಾಕೀನ್ರಿ" ಎಂದುಬಿಟ್ಟೆ.

ಸುಹಾಸಿನಿ