ತೋಟೆಗಳ ಸಭೆ

ಮೇ ೪, ಬೆಳಿಗ್ಗೆ

ಮಹಾಜನಗಳೇ! ರಸಿಕ ಶಿರೋಮಣಿಗಳೇ! ಮರದ ಹಲಗೆಯ ಗುಳಿಗಳಲ್ಲಿ ಬಾಯ್ತೆರೆದು ನಿಂತ ಐವತ್ತು ಖಾಲಿ ಹಿತ್ತಾಳೆ ತೋಟೆಗಳೇ! ಗದ್ದಲ ಬೇಡ, ಅಂಕ ಶುರುವಾಗಿದೆ!

ಮತ್ತೆ ಮದ್ದು ತುಂಬಲು ತೊಳೆದದ್ದಾಯಿತು. ಸುಟ್ಟ ಕೇಪುಗಳನ್ನು ಕಿತ್ತು ತಳದ ಗುಳಿಗಳನ್ನು ಕೆರೆದದ್ದೂ ಆಯಿತು. ಉದ್ದ ಸಮ ಮಾಡಬೇಕು. ಅಳೆಯುವ ಕ್ಯಾಲಿಪರ್ ಹಿಡಿದರೆ ಅಂಕಿಯ ನಟ್ಟನಡುವೆ ಬೂದು ಮಚ್ಚೆ... ಬಾಯಿಯ ಅಂಚನ್ನು ಹೆಬ್ಬೆರಳಿನಲ್ಲೇ ನೋಡಿದೆ. ಜೂನ್ ಮೊದಲ ಶನಿವಾರ ರೈಫಲ್ ಕ್ಲಬ್ಬಿನ ಸಾವಿರ ಗಜದ ಪಂದ್ಯ. ಕಾರಿನ ಲೈಸೆನ್ಸ್ ಹೋಯಿತು. ಪೇಪರ್ ಓದುವುದು ಹೋಯಿತು. ಇದೊಂದು ಉಳಿದಿದೆ.

ಮೇ ೬

ಕಾಯಿಸುವ ದಿನ. ಹಾರಿಸಿ ಹಾರಿಸಿ ತೋಟೆಯ ಕುತ್ತಿಗೆ ಬಿರುಸಾಗುತ್ತದೆ, ಗುಂಡನ್ನು ಒಂದೊಂದು ಒಂದೊಂದು ಥರ ಹಿಡಿಯುತ್ತದೆ. ಬೆಂಕಿ ತೋರಿಸಿದರೆ ಮೆತ್ತಗೆ. ಕೆಂಪು ಮಿನುಗಿತೋ, ತಕ್ಷಣ ತೆಗೆಯಬೇಕು. ತಡವಾದರೆ ಸತ್ತಿತು.

ಗ್ಯಾರೇಜಿನ ಕಿಟಕಿಗೆ ಕಂಬಳಿ ಹೊದಿಸಿ ಕತ್ತಲು ಮಾಡಿಕೊಂಡೆ. ಜ್ವಾಲೆ ಕಂಡಿತು. ಮಿನುಗು ಕಾಣಲಿಲ್ಲ.

ಹಾರ್ಲನ್ ಬಂದ — ಮೂವತ್ತು ವರ್ಷದಿಂದ ಶೂಟಿಂಗ್ ರೇಂಜಿನಲ್ಲಿ ನನ್ನ ಪಕ್ಕದ ಮೇಜಿನವನು. ಒಂದು ತೋಟೆ ಎತ್ತಿ ಕುತ್ತಿಗೆಯನ್ನು ಇಕ್ಕಳದಲ್ಲಿ ಒತ್ತಿದ. ಒತ್ತಿದ್ದು ಒತ್ತಿದ ಹಾಗೇ ಉಳಿಯಿತು.

“ಲೋ ನಾಟಕದವನೇ, ಇದೇನು ತೋಟೆಯೋ, ಬೆಣ್ಣೆಯೋ?”

“ಬೆಂಕಿ ಜೋರಾಯ್ತು.”

“ಬೆಂಕಿ ಸರಿಯಾಗೇ ಇದೆ ಕಣೋ.” ಇಕ್ಕಳ ಕೆಳಗಿಟ್ಟು ಹೋದ.

ಸತ್ತವು ಮೂರು. ಉಳಿದವನ್ನು ಮುಟ್ಟಲಿಲ್ಲ.

ಮೇ ೭

ನನ್ನ ಹೆಂಡತಿ ಓಪಲ್ ತಾನಾಗಿ ಬಂದು ಪಕ್ಕದಲ್ಲಿ ನಿಂತಳು. ಕೈಯಲ್ಲಿ ಇನ್ನೂ ಪ್ಯಾನ್‌ಕೇಕ್ ಹಿಟ್ಟು.

“ನಿಮ್ಮಮ್ಮ ಪರದೆ ಹಿಂದೆ ನಿಂತು ನಿಮ್ಮಪ್ಪನಿಗೆ ಮಾತು ಹೇಳಿಕೊಡ್ತಿರಲಿಲ್ವಾ? ಹಾಗಂದ್ಕೋ. ನಾನು ‘ಈಗ’ ಅಂದ ಕೂಡಲೇ ತೆಗಿ.”

“ಪ್ರಾಂಪ್ಟರಿಗೆ ಸಂಬಳ ಇಲ್ಲ.”

“ಐವತ್ತು ವರ್ಷದಿಂದ ಗೊತ್ತು ಮುದುಕಾ. ಹಚ್ಚು.”

ಈಗ. ಈಗ. ಈಗ... ಅವಳ ದನಿಗೆ ನನ್ನ ಕೈ. ಒತ್ತಿ ನೋಡಿದೆ, ಚಿಮ್ಮಿ ವಾಪಸ್ಸು ಬರುತ್ತವೆ. ಅಪ್ಪನ ಡೇರೆ ನಾಟಕ ಕಂಪನಿ ಕ್ಯಾನ್ಸಸ್ಸಿನಲ್ಲಿ ಮುಳುಗಿದ ಮೇಲೆ ಇಷ್ಟು ಒಳ್ಳೆಯ ಪ್ರವೇಶ ನೋಡಿರಲಿಲ್ಲ.

ಮೇ ೨೩

ಮಿಸ್ಸೂಲಾದ ಕಣ್ಣಾಸ್ಪತ್ರೆ. ಡಾಕ್ಟರ್ ಹುಡುಗಿ ಒಳ್ಳೆಯವಳು, ಸುತ್ತಿ ಬಳಸಿ ಹೇಳಲಿಲ್ಲ. ನಡುವಿನ ನೋಟ ಎರಡೂ ಕಣ್ಣಲ್ಲಿ ಹೋಗುತ್ತದೆ. ಅಂಚು ಉಳಿಯುತ್ತದೆ. ಈ ಬಗೆಯ ಕಾಯಿಲೆಗೆ ಇಂಜೆಕ್ಷನ್ ನಾಟುವುದಿಲ್ಲ. ದಾರಿಯುದ್ದಕ್ಕೂ ಓಪಲ್ ಕಾರು ಓಡಿಸಿದಳು. ರೇಡಿಯೋ ಹಾಕಲಿಲ್ಲ.

ಜೂನ್ ೪, ಪಂದ್ಯ ಮುಗಿಸಿ

ಕಣ್ಣನ್ನು ಓರೆ ಮಾಡಿದರೆ ಸ್ಕೋಪಿನಲ್ಲಿ ಗುರಿಹಲಗೆ ಕಾಣುತ್ತದೆ. ಅದರ ನಂಬರು ಕಾಣುವುದಿಲ್ಲ. ಯಾರಿಗೂ ಹೇಳಲಿಲ್ಲ... ಹತ್ತು ಗುಂಡು ಹಾರಿಸಿದೆ. ಗಾಳಿ ಇರಲಿಲ್ಲ. ರೈಫಲ್ ಹಾಡುತ್ತಿತ್ತು! ಎದ್ದು ನಿಂತು ನಮಸ್ಕರಿಸಿದೆ ಕೂಡ.

ಹಲಗೆಗಳು ಬಂದವು. ಏಳನೆಯದು, ನನ್ನದು — ಒಂದೂ ತೂತಿಲ್ಲ. ಎಂಟನೆಯದು ಹಾರ್ಲನ್‌ನದು. ಅದರಲ್ಲಿ ಅವನ ರೈಫಲಿನ ಹತ್ತು ದಪ್ಪ ತೂತು, ನನ್ನದರ ಹತ್ತು ಸಣ್ಣವು. ನನ್ನವು ಹತ್ತೂ ಕಾಫಿ ಬಸಿಯಷ್ಟು ಜಾಗದಲ್ಲಿ.

ಹಾರ್ಲನ್ ಟೋಪಿ ತೆಗೆದ. “ಜೀವಮಾನದಲ್ಲೇ ಇಂಥದ್ದು ಹೊಡೆದಿರಲಿಲ್ಲ ನೀನು. ಅದೂ ನನ್ನ ಹಲಗೆಗೆ!”

ಎಲ್ಲರೂ ನಕ್ಕರು. ಅವನು ನಗಲಿಲ್ಲ. “ಯಾವಾಗಿಂದ ಕಣೋ?” ಅಂದ, ಮೆಲ್ಲಗೆ.

ಹೇಳಿದೆ.

ತೋಟೆಯಲ್ಲಿ ತಪ್ಪಿಲ್ಲ. ಮದ್ದಿನಲ್ಲಿ ತಪ್ಪಿಲ್ಲ. ಅದೇ ನುಂಗಲಾಗುತ್ತಿಲ್ಲ.

ಜೂನ್ ೯

ಫೋನಿನಲ್ಲಿ ಹಾರ್ಲನ್‌ಗೆ ಹೇಳಿದೆ, ರೈಫಲ್ ಒಯ್ಯಿ ಅಂತ. ತೋಟೆಗಳನ್ನೂ. ಆ ರೈಫಲಿನ ಹೊಟ್ಟೆಯಲ್ಲಿ ಉಬ್ಬಿ ಅದರದೇ ಆಕಾರಕ್ಕೆ ಬಂದಿವೆ, ಬೇರೆ ಯಾವುದರಲ್ಲೂ ಕೂರುವುದಿಲ್ಲ.

“ಬೇಡ ಮಾರಾಯಾ, ನಿನ್ನ ಹತ್ರಾನೇ ಇರಲಿ.”

“ಇಟ್ಟುಕೊಂಡು ಏನು ಆರತಿ ಎತ್ತಲಾ?”

ನಾಳೆ ಮಧ್ಯಾಹ್ನ ಬರುತ್ತಾನಂತೆ.

ಹಾರಿಸಿ ಮತ್ತೆ ಬಿರುಸಾದ ಕುತ್ತಿಗೆಯ ತೋಟೆಗಳನ್ನು ಇನ್ನೊಬ್ಬನ ಕೈಗೆ ಹಾಕುವುದು ಮರ್ಯಾದೆಯಲ್ಲ. ನಾಳೆ ಬೆಳಿಗ್ಗೆ ಕಾಫಿ ಆದ ಮೇಲೆ ಗ್ಯಾರೇಜಿನ ಕಿಟಕಿಗೆ ಕಂಬಳಿ ಹೊದಿಸುತ್ತೇನೆ. ಇದ್ದಷ್ಟನ್ನೂ ಸಭೆ ಕೂರಿಸುತ್ತೇನೆ. ಬೆಂಕಿ ಹಚ್ಚುತ್ತೇನೆ. ಓಪಲ್ ಪಕ್ಕದಲ್ಲಿರುತ್ತಾಳೆ. ಅವಳು ‘ಈಗ’ ಅಂದ ಕೂಡಲೇ ನಾನು ತೆಗೆಯುತ್ತೇನೆ.